ವಚನವನ್ನು ಹೋಳು ಮಾಡದೆ ಓದಿಸಿದ ನನ್ನ ಅನುಭವ

ವಚನದ ಮೇಲೆ ವಿಚಾರ ಸಂಕಿರಣ ಅಂದರೆ ಸಾಮಾನ್ಯವಾಗಿ ಬೆಳಗ್ಗೆ ಅಧ್ಯಾತ್ಮದ ಗೋಷ್ಠಿ, ಊಟ ಆದಮೇಲೆ ಸಾಮಾಜಿಕ ಪ್ರಜ್ಞೆಯ ಗೋಷ್ಠಿ. ಬೆಳಗಿನವರಿಗೆ ಜಾತಿ, ಕೂಲಿ, ಅರಮನೆ ಬೇಡ. ಮಧ್ಯಾಹ್ನದವರಿಗೆ ಲಿಂಗ ಬೇಡ. ಎಂ.ಎ. ತರಗತಿಗೆ ಪಾಠ ಮಾಡುವ ನಾನು ಹೀಗೆ ಭಾಗ ಮಾಡುವುದನ್ನು ಬಿಟ್ಟಿದ್ದೇನೆ.

ಶುರು ಮಾಡುವುದು ಹನ್ನೆರಡನೇ ಶತಮಾನದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನಿಂದ. ಗಂಡ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ, ಅದೇ ಕಾಯಕ, ಅದರಲ್ಲೇ ದಾಸೋಹ. ಒಂದು ದಿನ ಜಾಸ್ತಿ ತಂದ. ವಾಪಸ್ ಸುರಿದು ಬಾ ಅಂದಳು ಲಕ್ಕಮ್ಮ. 'ಆಸೆಯೆಂಬುದು ಅರಸಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ' ಅಂತ ಶುರುವಾಗುವ ಆ ವಚನ 'ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ' ಅನ್ನುತ್ತದೆ.

ಬೈಸಿಕೊಂಡವನು ಗಂಡ, ನಡುವೆ ಅರಸ ಯಾಕೆ ಬಂದ? ನನ್ನ ಮೊದಲ ಪ್ರಶ್ನೆ ಇದೇ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ, ಆಮೇಲೆ ಯಾರಾದರೂ ಕಂದಾಯ, ಕಣಜ ಅನ್ನುತ್ತಾರೆ. ಸರಿ, ಈಗ ಅರಸನನ್ನು ತೆಗೆದು ಓದಿ ಅನ್ನುತ್ತೇನೆ. ಸುಮ್ನೆ ಮನೆವಾರ್ತೆಯ ಬುದ್ಧಿಮಾತು ಉಳಿಯುತ್ತದೆ. ಈಶ್ವರನನ್ನು ತೆಗೆದರೆ? ಅಕ್ಕಿ ಆಯುವ ಮನೆಯ ಹೆಂಗಸು ಅರಸನ ಬದುಕನ್ನೇ ಕೀಳು ಅನ್ನುವ ಧೈರ್ಯ ಎಲ್ಲಿಂದ ತಂದಳು ಅಂತ ಹೇಳೋಕೆ ಆಗುವುದಿಲ್ಲ. ಈ ಎರಡು ಓದು ಮುಗಿಯುವ ಹೊತ್ತಿಗೆ ತರಗತಿಯಲ್ಲಿ ಜಗಳವೇ ನಡೆಯುತ್ತಿರುತ್ತದೆ. ಅದು ನನಗೆ ಬಹಳ ಇಷ್ಟ.

ಅಲ್ಲಿಂದ ಹರಳಯ್ಯ, ಮಧುವರಸರ ಮಕ್ಕಳ ಮದುವೆಗೆ ಹೋಗುತ್ತೇವೆ. ಲಿಂಗ ಕಟ್ಟಿದ ಮೇಲೆ ಕುಲ ಇಲ್ಲ ಅನ್ನುವುದು ನಂಬಿಕೆ. ಆ ನಂಬಿಕೆಯಂತೆ ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ನಂಟು ಬೆಳೆದಾಗ, ಪರಂಪರೆ ಹೇಳುವಂತೆ, ಕಲ್ಯಾಣದ ಅರಸ ಬಿಜ್ಜಳನ ಆಳ್ವಿಕೆ ಆ ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿತು. ಬರೀ ಧ್ಯಾನದ ವಿಷಯವಾಗಿದ್ದರೆ ಅರಸನಿಗೆ ಏನಾಗಬೇಕಿತ್ತು ಅಲ್ವಾ?

ಹೀಗೆ ಓದಿಸಿದರೆ ಇವತ್ತಿನ ಪಕ್ಷ ರಾಜಕೀಯ ಒಳಗೆ ಬರುತ್ತದೆ ಅಂತ ಕೆಲವು ಸಹೋದ್ಯೋಗಿಗಳು ಹೆದರುತ್ತಾರೆ. ನಾನು ಪಕ್ಷದ ಮಾತು ಎತ್ತುವುದಿಲ್ಲ. ಯಾರು ದುಡಿದರು, ಯಾರು ಕೂಡಿಟ್ಟರು, ಯಾರ ಜೊತೆ ಯಾರು ಕೂತು ಉಂಡರು ಅಂತ ಕೇಳುತ್ತೇನೆ. ದಿನಾ ಲಿಂಗಪೂಜೆ ಮಾಡುವ ಮನೆಯ ಮಕ್ಕಳೂ ಇರುತ್ತಾರೆ, ಹರಳಯ್ಯ ನಮ್ಮವನು ಅನ್ನುವ ಮಕ್ಕಳೂ ಇರುತ್ತಾರೆ. ಈ ಪ್ರಶ್ನೆಗಳಿಗೆ ಇಬ್ಬರೂ ಬಾಯಿ ಬಿಡುತ್ತಾರೆ.

ಪರೀಕ್ಷೆಯಲ್ಲೂ ಈಗ 'ಸಾಮಾಜಿಕ ಪ್ರಜ್ಞೆ ವಿವರಿಸಿ' ಅಂತ ಕೇಳುವುದಿಲ್ಲ. 'ಲಂಚ ವಂಚನಕ್ಕೆ ಕೈಯಾನದ ಭಾಷೆ' (ಲಂಚಕ್ಕೆ ಕೈ ಒಡ್ಡುವುದಿಲ್ಲ ಅನ್ನುವ ಮಾತು) ಅನ್ನುವ ವಚನಕಾರ್ತಿ ಸತ್ಯಕ್ಕನ ವಚನ ಕೊಟ್ಟು, ಈಕೆ ಶಿವನ ಮೇಲೆ ಆಣೆ ಇಟ್ಟು ಲಂಚದ ಮಾತು ಯಾಕೆ ಆಡುತ್ತಾಳೆ ಅಂತ ಕೇಳುತ್ತೇನೆ. ಗೈಡ್ ನೋಡಿ ಇದಕ್ಕೆ ಉತ್ತರ ಬರೆಯೋಕೆ ಆಗಲ್ಲ.