ವ್ಯಾನಿನೊಳಗೆ ನಲ್ಲಿ: ಪಂಪಿನ ಹಿಂದಿನ ಎರಡು ಅಡಿ

ಹಳೆಯ ವ್ಯಾನಿನೊಳಗೆ ಹಾಸಿಗೆ, ಅಡುಗೆಕಟ್ಟೆ ಕೂರಿಸಿ ತಿರುಗಾಟದ ಮನೆ ಮಾಡಿಕೊಂಡವರು ಬದಿಯಡ್ಕ, ಪೆರ್ಲದ ಆಸುಪಾಸಿನ ನನ್ನ ಪರಿಚಿತರಲ್ಲಿ ನಾಲ್ವರಿದ್ದಾರೆ. ಅವರಲ್ಲಿ ಮೂವರ ವ್ಯಾನಿನಲ್ಲಿ ಮರಗೆಲಸ ಅಚ್ಚುಕಟ್ಟಾಗಿದ್ದರೂ ನಲ್ಲಿ ತಿರುಗಿಸಿದರೆ ನೀರಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. ಮೂರರಲ್ಲೂ ತಪ್ಪು ಒಂದೇ ಜಾಗದಲ್ಲಿತ್ತು.

ಮೊದಲು ನೀರಿನ ಲೆಕ್ಕ ಹಾಕಬೇಕು. ಸ್ನಾನ ಬಿಟ್ಟು, ಕುಡಿಯಲು, ಅಡುಗೆಗೆ, ಪಾತ್ರೆ ತೊಳೆಯಲು ಒಬ್ಬರಿಗೆ ದಿನಕ್ಕೆ 10 ಲೀಟರ್ ಹಿಡಿದರೆ ಇಬ್ಬರ ಎರಡು ದಿನಕ್ಕೆ 40 ಲೀಟರ್ ಆಗುತ್ತದೆ, ಎಂದರೆ 40 ಕಿಲೋ ಭಾರ. ಇದಕ್ಕೆ ಒಂದೇ ದೊಡ್ಡ ಟ್ಯಾಂಕಿಗಿಂತ 20 ಲೀಟರಿನ ಎರಡು ಕ್ಯಾನುಗಳೇ ಮೇಲು. ಪಾಣತ್ತೂರಿನಿಂದ ಭಾಗಮಂಡಲದ ಕಡೆಗೆ ಘಾಟಿ ಹತ್ತುವಾಗ ಅರೆತುಂಬಿದ ದೊಡ್ಡ ಟ್ಯಾಂಕಿನ ನೀರು ತಿರುವು ತಿರುವಿಗೂ ತುಳುಕಿ ಗಾಡಿಯನ್ನು ಬದಿಗೆ ಎಳೆಯುತ್ತದೆ. ಕ್ಯಾನುಗಳನ್ನು ನೆಲಮಟ್ಟದಲ್ಲಿ, ಹಿಂದಿನ ಚಕ್ರಗಳ ಅಚ್ಚಿಗೆ ತುಸು ಮುಂದೆ ಇಟ್ಟು ಪಟ್ಟಿಯಿಂದ ಬಿಗಿಯಬೇಕು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ಕೊಳವೆ ಇರಲೇಬೇಕು. ಇಲ್ಲವಾದರೆ ಪಂಪು ಎಳೆದಂತೆಲ್ಲ ಕ್ಯಾನಿನ ಗೋಡೆ ಒಳಕ್ಕೆ ಸೊಟ್ಟಗಾಗಿ ನೀರು ನಿಲ್ಲುತ್ತದೆ.

ಪಂಪು 12 ವೋಲ್ಟಿನ ಡಯಾಫ್ರಾಮ್ ಬಗೆಯದಾಗಿರಲಿ, ಎಂದರೆ ಒಳಗಿನ ರಬ್ಬರ್ ಪೊರೆ ಹಿಂದುಮುಂದಾಗಿ ನೀರನ್ನು ಎಳೆದು ತಳ್ಳುವಂಥದ್ದು. ನಿಮಿಷಕ್ಕೆ 4–5 ಲೀಟರ್ ಕೊಡುವ, ನಲ್ಲಿ ಮುಚ್ಚಿದೊಡನೆ ತಾನೇ ನಿಲ್ಲುವ ಒತ್ತಡದ ಸ್ವಿಚ್ ಇರುವ ಪಂಪು ಧಾರಾಳವಾಯಿತು. ಅಡಿಕೆಗೆ ಮದ್ದು ಬಿಡುವ ಬ್ಯಾಟರಿ ಸ್ಪ್ರೇಯರಿನಲ್ಲಿಯೂ ಇದೇ ಬಗೆಯ ಪಂಪು ಇರುವುದರಿಂದ, ಮೂಲೆಗೆ ಬಿದ್ದ ಸ್ಪ್ರೇಯರನ್ನು ಬಿಚ್ಚಿ ಅದನ್ನೇ ಹಾಕುವ ಜಾಣರಿದ್ದಾರೆ. ಬೋರ್ಡೋ ದ್ರಾವಣವೂ ಕೀಟನಾಶಕವೂ ಹಾದುಹೋದ ರಬ್ಬರಿನ ಮೂಲಕ ಕುಡಿಯುವ ನೀರನ್ನು ಹರಿಸಬಾರದು, ಎಷ್ಟು ಸಲ ತೊಳೆದರೂ ಸರಿಯೇ.

ಇನ್ನು ಎಲ್ಲರೂ ಎಡವುವ ಜಾಗ: ಕ್ಯಾನಿನಿಂದ ಪಂಪಿನವರೆಗಿನ ಹೀರುಕೊಳವೆ. ನೀರಿಗಾಗಿ ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗದ ನೀರು ಇಳಿಜಾರಿನಲ್ಲಿ ತಾನಾಗಿ ಅಂಗಳಕ್ಕೆ ಬಂದು ಬೀಳುವುದನ್ನು ನೋಡಿ ಬೆಳೆದ ನಮಗೆ, ಜೋಡಣೆ ಸಡಿಲವಾಗಿದ್ದರೆ ನೀರು ತೊಟ್ಟಿಕ್ಕಿ ತಿಳಿಸುತ್ತದೆ ಎಂಬ ನಂಬಿಕೆಯಿದೆ. ಪಂಪಿನಿಂದ ನಲ್ಲಿಯ ಕಡೆಗೆ ಅದು ನಿಜ. ಪಂಪು ಎಳೆಯುವ ಕಡೆಯಲ್ಲಿ ಮಾತ್ರ ನೀರು ಹೊರಬರುವ ಬದಲು ಗಾಳಿ ಒಳಹೋಗುತ್ತದೆ, ನೆಲ ಒಣಗಿಯೇ ಇರುತ್ತದೆ. ಪಂಪು ಬಿಡದೆ ಗೊರಗೊರಗುಟ್ಟುತ್ತದೆ, ನಲ್ಲಿ ಉಗುಳುತ್ತದೆ, ಮಾಲೀಕರು ಪಂಪೇ ಕೆಟ್ಟಿತೆಂದು ಹೊಸದನ್ನು ತರುತ್ತಾರೆ. ತೋಟದ ಹನಿ ನೀರಾವರಿಯ ಕಪ್ಪು ಪೈಪಿನ ತುಂಡನ್ನು ಕ್ಲಿಪ್ಪಿಲ್ಲದೆ ಒತ್ತಿ ಸೇರಿಸುವುದೇ ಇದಕ್ಕೆ ಸಾಮಾನ್ಯ ಕಾರಣ. ಕುಡಿಯುವ ನೀರಿಗೆಂದೇ ಮಾಡಿದ, ಒಳಗೆ ನೂಲಿನ ಹೆಣಿಗೆಯಿರುವ ದಪ್ಪ ಗೋಡೆಯ ಹೋಸನ್ನು ಕೊಳ್ಳಿರಿ. ತೆಳು ಹೋಸು ಎಳೆತಕ್ಕೆ ಚಪ್ಪಟೆಯಾಗುತ್ತದೆ. ಉದ್ದ ಎರಡು ಅಡಿ ಮೀರದಂತೆ ಪಂಪನ್ನು ಕ್ಯಾನಿನ ಪಕ್ಕದಲ್ಲೇ ಕೂರಿಸಿ, ಪ್ರತಿ ಸೇರಿಕೆಗೂ ಸ್ಟೀಲ್ ಕ್ಲಿಪ್ ಹಾಕಿ, ತಿರುಪಿನ ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತಬೇಕು. ಕ್ಯಾನಿನೊಳಗಿನ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಅದು ತಳಕ್ಕೆ ಅಂಟಿಕೊಳ್ಳುವುದಿಲ್ಲ. ಪಂಪಿಗೆ ಮೊದಲು ಜಾಲರಿಯ ಸೋಸುಗ ಕಡ್ಡಾಯ. ಅದನ್ನು ತೊಳೆದು ಮುಚ್ಚುವಾಗ ರಬ್ಬರ್ ಉಂಗುರ ಒಂದು ಕೂದಲೆಳೆಯಷ್ಟು ಸರಿದರೂ ಗಾಳಿ ನುಗ್ಗುತ್ತದೆ. ಆ ಮೂವರಲ್ಲಿ ಒಬ್ಬರದು ಇದೇ ಕಥೆಯಾಗಿತ್ತು.

ಪಂಪಿನಿಂದ ನಲ್ಲಿಗೆ ಅದೇ ಹೋಸು, ಬ್ಯಾಟರಿಯ ತಂತಿಗೆ ಪಂಪಿನ ಚೀಟಿಯಲ್ಲಿ ಸೂಚಿಸಿದ ಆಂಪಿಯರಿನ ಫ್ಯೂಸ್, ಕೈಗೆಟಕುವಲ್ಲಿ ಒಂದು ಸ್ವಿಚ್. ಇಷ್ಟಾದರೆ ಜೋಡಣೆ ಮುಗಿಯಿತು.

ಪರೀಕ್ಷೆಗೆ, ನಲ್ಲಿ ಮುಚ್ಚಿ ಪಂಪಿನ ಸ್ವಿಚ್ಚನ್ನು ಒಂದು ಗಂಟೆ ಹಾಕಿಡಿ. ಪಂಪು ಆಗಾಗ ತಾನಾಗಿ ಒಂದು ಕ್ಷಣ ಓಡಿದರೆ ನಲ್ಲಿಯ ಕಡೆ ಸೋರಿಕೆಯಿರಬಹುದು. ಕ್ಯಾನು ತುಂಬಿದ್ದೂ ನಿಲ್ಲದೆ ಓಡಿದರೆ ಮೊದಲು ಹೀರುಕೊಳವೆಯನ್ನು ನೋಡಬೇಕು. ಬಳಿಕ ಕ್ಯಾನು, ಕೊಳವೆಗಳಲ್ಲಿನ ಕ್ರಿಮಿ ಕೊಲ್ಲಲು 20 ಲೀಟರ್ ನೀರಿಗೆ ಸುವಾಸನೆಯಿಲ್ಲದ, ಶೇಕಡ 5ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವನ್ನು 20 ಮಿಲಿಲೀಟರಿನಂತೆ ಬೆರೆಸಿ, ನಲ್ಲಿಯಲ್ಲಿ ಅದರ ವಾಸನೆ ಬರುವವರೆಗೆ ಹರಿಸಿ, ನಾಲ್ಕು ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ಶುದ್ಧ ನೀರಿನಿಂದ ತೊಳೆಯಬೇಕು. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಕೊಳಕು ನೀರಿಗೂ 20 ಲೀಟರಿನ ಒಂದು ಕ್ಯಾನು ಇರಲಿ; ಅದರ ಬಣ್ಣ ಬೇರೆಯೇ ಆಗಿರಲಿ.