ಲಿವರ್‌ನಲ್ಲಿ ಗಡ್ಡೆ ಅಂದರಾ? ಮುಂದಿನ ಹೆಜ್ಜೆ ಹೀಗಿರಲಿ

ಶ್ರೀನಿವಾಸಪುರದ ಮಾವಿನ ತೋಟದವರೊಬ್ಬರು ಎಂದಿಟ್ಟುಕೊಳ್ಳಿ. ತಿಂಗಳಿಂದ ಬಿಟ್ಟುಬಿಟ್ಟು ಜ್ವರ, ಬಲ ಪಕ್ಕೆಯ ಕೆಳಗೆ ನೋವು, ಪಂಚೆ ಸಡಿಲಾಗುವಷ್ಟು ತೂಕ ಇಳಿದಿದೆ. ಕೋಲಾರಕ್ಕೆ ಬಂದು ಸ್ಕ್ಯಾನಿಂಗ್ ಮಾಡಿಸಿದರೆ ಲಿವರ್‌ನಲ್ಲಿ ಗಡ್ಡೆ! ಮನೆಯವರು ಅಲ್ಲೇ ಅಳಲು ಶುರು. ತಡೆಯಿರಿ. ಉರಿಯೂತದಿಂದ ಗಂಟುಗಟ್ಟಿ, ನೋಡಲು ಕ್ಯಾನ್ಸರ್‌ನಂತೆಯೇ ಕಾಣುವ ಅಪರೂಪದ ಗಡ್ಡೆಯೂ ಉಂಟು. ಹೆಸರು ಇನ್‌ಫ್ಲಮೇಟರಿ ಸ್ಯೂಡೋಟ್ಯೂಮರ್. ಲಿವರ್‌ನಲ್ಲಿ ಇದು ಮೊದಲು ವರದಿಯಾಗಿದ್ದು 1953ರಲ್ಲಿ.

ಮೊದಲು ಡಾಕ್ಟರ ಮುಂದೆ ಎಲ್ಲವನ್ನೂ ಹೇಳಿ: ಸಕ್ಕರೆ ಕಾಯಿಲೆ, ಕುಡಿತ, ಪಿತ್ತಕೋಶದ ಕಲ್ಲು, ಹಳೆಯ ಟಿಬಿ. ಮನೆಯಲ್ಲಿ ಕುರಿ, ನಾಯಿ ಇದ್ದರೆ ಅದನ್ನೂ. ನಮ್ಮ ಕಡೆ ಇದನ್ನು ಯಾರೂ ಹೇಳುವುದಿಲ್ಲ. ಗಡ್ಡೆಯೆಂದು ಕಂಡದ್ದು ಹೈಡಾಟಿಡ್ ಗುಳ್ಳೆ (ನಾಯಿ, ಕುರಿಗಳ ನಡುವೆ ಸುತ್ತುವ ಹುಳದಿಂದಾಗುವ ನೀರಿನ ಗುಳ್ಳೆ) ಆಗಿದ್ದು, ಗೊತ್ತಿಲ್ಲದೆ ಸೂಜಿ ಚುಚ್ಚಿದರೆ ನೀರು ಸೋರಿ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗಬಹುದು.

ಆಮೇಲೆ ರಕ್ತ. ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಇಂಥ ಗಡ್ಡೆಯಲ್ಲಿ ಸಾಮಾನ್ಯವಾಗಿ ಏರಿರುತ್ತವೆ. ಕ್ಯಾನ್ಸರ್ ಸುಳಿವು ಕೊಡುವ ಎಎಫ್‌ಪಿ, ಸಿಎ 19-9 ನಾರ್ಮಲ್ ಬಂದರೆ ಸಮಾಧಾನ, ಆದರೆ ಕ್ಯಾನ್ಸರ್ ಇಲ್ಲವೆಂಬ ಖಾತರಿಯಲ್ಲ. ಹೆಪಟೈಟಿಸ್ ಬಿ, ಸಿ ಪರೀಕ್ಷೆಯೂ ಆಗಲಿ. ಕಿಡ್ನಿ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿಕೊಂಡು, ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಮಾಡುತ್ತಾರೆ. ಚಿತ್ರವೊಂದನ್ನೇ ನೋಡಿ ತೀರ್ಪು ಕೊಡುವುದು ಕಷ್ಟ.

ತೀರ್ಪು ಬರುವುದು ಬಯಾಪ್ಸಿಯಿಂದ. ಬಿಪಿ ಮಾತ್ರೆ ಜೊತೆ ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಮೊದಲೇ ತಿಳಿಸಿ. ರಕ್ತ ಹೆಪ್ಪುಗಟ್ಟುವ ಶಕ್ತಿ ಹೇಳುವ ಪ್ಲೇಟ್‌ಲೆಟ್, ಐಎನ್‌ಆರ್ ನೋಡಿದ ಮೇಲೇ ಸೂಜಿ. ಮರಗಟ್ಟಿಸಿ, ಉಸಿರು ಹಿಡಿಯಲು ಹೇಳಿ, ಸ್ಕ್ಯಾನ್‌ನಲ್ಲಿ ನೋಡುತ್ತಲೇ ದಾರದ ಎಳೆಯಷ್ಟು ತುಣುಕು ತೆಗೆಯುತ್ತಾರೆ. ಇಲ್ಲೊಂದು ಸಣ್ಣ ವಿಷಯ ಗಮನಿಸಿ: ಒಂದು ಎಳೆ ತುಣುಕು ಕೆಡದಂತೆ ಇಡುವ ಫಾರ್ಮಲಿನ್ ಡಬ್ಬಿಗೆ, ಇನ್ನೊಂದು ಬರೀ ಸಲೈನ್‌ಗೆ. ಫಾರ್ಮಲಿನ್ ಮುಟ್ಟಿದರೆ ರೋಗಾಣು ಸಾಯುತ್ತದೆ, ಟಿಬಿ ಕಲ್ಚರ್, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಆಗುವುದಿಲ್ಲ. 'ಕಲ್ಚರ್‌ಗೂ ಕಳಿಸ್ತೀರಾ ಡಾಕ್ಟ್ರೇ?' ಎಂದು ಕೇಳಲು ಸಂಕೋಚ ಬೇಡ. ಆಮೇಲೆ ಕೆಲವು ಗಂಟೆ ಅಲ್ಲಾಡದೆ ಮಲಗಿ.

ರಿಪೋರ್ಟ್‌ನಲ್ಲಿ ಪ್ಲಾಸ್ಮಾ ಕಣ, ಲಿಂಫೋಸೈಟ್ (ಎರಡೂ ಉರಿಯೂತದ ಕಣಗಳು), ನಾರಿನಂಥ ಅಂಗಾಂಶ ಎಂದಿದ್ದರೆ ಪೆಥಾಲಜಿಸ್ಟ್ ಇನ್ನೆರಡು ಬಣ್ಣ ಹಾಕಿ ನೋಡುತ್ತಾರೆ. ಎಎಲ್‌ಕೆ ಎಂಬ ಪ್ರೋಟೀನ್ ಬಣ್ಣ ಹಿಡಿದರೆ ಅದು ಬೇರೆಯೇ ಜಾತಿಯ ನಿಜವಾದ ಗಡ್ಡೆ ಇರಬಹುದು. ಐಜಿಜಿ4 ಎಂಬ ಪ್ರತಿಕಾಯದ ಕಣಗಳು ಹೆಚ್ಚಿದ್ದರೆ ಸ್ಟೀರಾಯ್ಡ್‌ಗೆ ಕರಗುವ ಸಾಧ್ಯತೆಯಿದೆ. ಆದರೆ ಟಿಬಿ ಇಲ್ಲವೆಂದು ಖಚಿತವಾಗುವ ಮುನ್ನ ಸ್ಟೀರಾಯ್ಡ್ ಕೂಡದು.

ಇಂಥ ಉರಿಯೂತದ ಗಡ್ಡೆಗಳಲ್ಲಿ ಕೆಲವು ತಾವಾಗಿಯೇ ಕುಗ್ಗುತ್ತವೆ. ಹಾಗಾಗಿ ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್. ಆಗ ಹಳೆಯ ಸಿಡಿ ಒಯ್ಯಿರಿ. ಕಾಗದದ ರಿಪೋರ್ಟ್ ಒಂದೇ ಸಾಲದು, ಅಳತೆ ಹೋಲಿಸುವುದು ಚಿತ್ರದ ಮೇಲೆ.