ಹಳೇ ಝೆನ್, ಬೋರ್‌ವೆಲ್ ನೀರು, ನಂದಿ ಬೆಟ್ಟ: ನನ್ನ ಅನುಭವ

ಹಳೇ ಮಾರುತಿ ಝೆನ್ ಕಾರು ಅಂದ್ರೆ ಚಿಕ್ಕಬಳ್ಳಾಪುರದ ಗ್ಯಾರೇಜುಗಳಲ್ಲಿ ಒಂದೇ ಮಾತು: "ಹೀಟ್ ಆಗುತ್ತೆ, ಬೇಡ." ಇಂಜಿನ್ ಬಿಚ್ಚಿ ಸಿಲಿಂಡರ್ ಬೋರಿಂಗ್ ಮಾಡಿಸು, ಇಲ್ಲ ಗುಜರಿಗೆ ಹಾಕು ಅಂದವರೇ ಹೆಚ್ಚು. ಈಗ ನನ್ನ ಅದೇ 993 ಸಿಸಿ ಕಾರ್ಬುರೇಟರ್ ಗಾಡಿ ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕ್ಕೊಂಡೇ ನಂದಿ ಹತ್ತುತ್ತೆ, ಹೀಟ್ ತೋರಿಸೋ ಮುಳ್ಳು ಅರ್ಧ ದಾಟಲ್ಲ. ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಬಿಚ್ಚಿಲ್ಲ. ಮುಕ್ಕಾಲು ಟನ್ ತೂಕದ ಈ ಗಾಡಿ ತಿರುವಲ್ಲಿ ಕೊಡೋ ಖುಷಿಯನ್ನ ಇವತ್ತಿನ ಯಾವ ಭಾರದ ಹೊಸ ಕಾರೂ ಕೊಡಲ್ಲ.

ತಗೊಂಡಿದ್ದು ಎಪ್ಪತ್ತು ಸಾವಿರದ ಆಸುಪಾಸಿಗೆ. ಪೇಂಟ್ ನೋಡಿ ಮರುಳಾಗಬೇಡಿ. ಡ್ರೈವರ್ ಕಡೆ ಕಾರ್ಪೆಟ್ ಎತ್ತಿ, ಬ್ಯಾಟರಿ ಟ್ರೇ ಕೆಳಗೆ, ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿ ನೋಡಿ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಯ್ತಾ, ತುಕ್ಕು ತಿಂದಿದೆ, ಬಿಟ್ಟುಬಿಡಿ. ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ಬರ್ತಾನೇ ಇದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್, ಹೋಗಿದೆ. ಮುಂದೆ ಹೇಳೋ ಉಪಾಯ ಅಂಥ ಗಾಡಿಗಲ್ಲ. ಆರ್‌ಸಿ ನವೀಕರಣ ಐದೈದು ವರ್ಷಕ್ಕೆ, ಗ್ರೀನ್ ಟ್ಯಾಕ್ಸ್ ಬೇರೆ. ಬಾಕಿಯಿದ್ದರೆ ರೇಟಲ್ಲೇ ಮುರಿಸಿ.

ಹೀಟಿಗೆ ಕಾರಣ ನಮ್ಮ ನೀರು. ಇಂಜಿನ್ನಿನ ಬ್ಲಾಕು, ಹೆಡ್ಡು ಎರಡೂ ಅಲ್ಯುಮಿನಿಯಂ, ವರ್ಷಗಟ್ಟಲೆ ಸುರಿದಿದ್ದು ಬೋರ್‌ವೆಲ್ ನೀರು. ಒಳಗೆಲ್ಲ ಬಿಳಿ ಪದರ ಕಟ್ಟಿರುತ್ತೆ. ಇಂಜಿನ್ ಬಿಸಿಯಾಗೋವರೆಗೂ ನೀರನ್ನ ರೇಡಿಯೇಟರಿಗೆ ಬಿಡದ ವಾಲ್ವ್, ಅಂದರೆ ಥರ್ಮೋಸ್ಟಾಟ್, ಕಿತ್ತು ಬಿಸಾಕೋದು ಇಲ್ಲಿನ ಸಾಮಾನ್ಯ ಮದ್ದು. ಅದರಿಂದ ಇಂಜಿನ್ ಹದಕ್ಕೇ ಬರದೆ ಮೈಲೇಜ್ ಎರಡು ಕಿಲೋಮೀಟರ್ ಬಿತ್ತು, ಏರಲ್ಲಿ ಮತ್ತೆ ಕುದಿಯಿತು. ರೇಡಿಯೇಟರ್ ಫ್ಯಾನ್ ಸದಾ ತಿರುಗೋ ಹಾಗೆ ಡೈರೆಕ್ಟ್ ಮಾಡಿದರೆ ಸಿಗ್ನಲ್ಲಲ್ಲಿ ಸರಿ, ಬೆಟ್ಟದಲ್ಲಿ ಸಾಲಲ್ಲ. ಮೂರು ಸಾವಿರ ಕೊಟ್ಟು ಹೊಸ ರೇಡಿಯೇಟರ್ ಹಾಕಿದ್ದೂ ಆಯ್ತು. ಬ್ಲಾಕಿನಿಂದ ಎದ್ದ ಚಕ್ಕೆ ಬಂದು ಅದೂ ಕಟ್ಟಿಕೊಂಡಿತು. ಮಧ್ಯದ ಟ್ಯೂಬುಗಳು ಮುಟ್ಟಿದರೆ ತಣ್ಣಗೆ, ಎರಡು ಬದಿ ಸುಡುಬಿಸಿ.

ಆದ್ದರಿಂದ ಮೊದಲು ಬ್ಲಾಕ್ ತೊಳೀಬೇಕು. ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಲೀಟರಿಗೆ ಮೂವತ್ತು ಗ್ರಾಂ. ಒಟ್ಟು ನಾಲ್ಕು ಲೀಟರ್ ಹತ್ತಿರ ಹಿಡಿಯುತ್ತೆ. ಥರ್ಮೋಸ್ಟಾಟ್ ತೆಗೆದು, ಹೀಟರ್ ನಾಬ್ ಪೂರ್ತಿ ಬಿಸಿಗೆ ತಿರುಗಿಸಿ, ಇಪ್ಪತ್ತು ನಿಮಿಷ ಐಡಲ್. ಆರಿದ ಮೇಲೆ ಕೆಳಗಿನ ಹೋಸ್ ಬಿಚ್ಚಿ ಬಕೆಟ್ಟಿಗೆ ಬಿಟ್ಟರೆ ಕಾಫಿ ಬಣ್ಣದ ನೀರು, ತಳದಲ್ಲಿ ಮರಳಿನಂಥ ಬಿಳಿ ಪುಡಿ. ಬಣ್ಣ ತಿಳಿಯಾಗೋವರೆಗೂ ಮತ್ತೆ ಮಾಡಿ. ರಾತ್ರಿಯಿಡೀ ಮಾತ್ರ ಬಿಡಬೇಡಿ, ಅಲ್ಯುಮಿನಿಯಂ ತಿನ್ನುತ್ತೆ. ಕೊನೆಗೆ ಚಿಟಿಕೆ ಅಡುಗೆ ಸೋಡಾ ಹಾಕಿದ ನೀರು, ಆಮೇಲೆ ಡಿಸ್ಟಿಲ್ಡ್ ವಾಟರ್.

ಪದರ ಹೋದ ಮೇಲೆ ವಾಟರ್ ಪಂಪ್ ಸೀಲ್ ಸೋರಬಹುದು. ಅಷ್ಟು ದಿನ ಆ ಪದರವೇ ಸೋರಿಕೆ ತಡೆದಿರುತ್ತೆ. ಪಂಪ್ ತೆಗೆಯಬೇಕಾದರೆ ಟೈಮಿಂಗ್ ಬೆಲ್ಟ್ ಬಿಚ್ಚಲೇಬೇಕು, ಎರಡೂ ಒಟ್ಟಿಗೆ ಹೊಸದು ಹಾಕಿ. ಲೇಬರ್ ಸೇರಿ ನಾಲ್ಕೂವರೆ ಸಾವಿರ ಆಯ್ತು ಅಂತ ನೆನಪು.

ರೇಡಿಯೇಟರ್ ಕ್ಯಾಪ್ ಬಗ್ಗೆ ಯಾರೂ ಯೋಚಿಸಲ್ಲ. ನಂದಿಯ ತುದಿ 1478 ಮೀಟರ್, ಅಲ್ಲಿ ತೆರೆದ ನೀರು 95 ಡಿಗ್ರಿಗೇ ಕುದಿಯುತ್ತೆ. 0.9 ಬಾರ್ ಒತ್ತಡದ ಕ್ಯಾಪ್ ಸರಿಯಿದ್ದರೆ ಅದು 115ರ ಹತ್ತಿರಕ್ಕೆ ಏರುತ್ತೆ. ಸ್ಪ್ರಿಂಗ್ ಸತ್ತ ಕ್ಯಾಪಿನಿಂದ ಮಿಕ್ಕ ಕೆಲಸವೆಲ್ಲ ನೀರುಪಾಲು. ನೂರೈವತ್ತು ರೂಪಾಯಿ, ಬದಲಿಸಿ. ಹೊಸ ಥರ್ಮೋಸ್ಟಾಟ್ ವಾಪಸ್ ಕೂರಿಸಿ, ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ.

14 ಇಂಚಿನ ಅಲಾಯ್ ಚಕ್ರ ಹಾಕಿಯೂ ನೋಡಿದೆ. ನೋಟ ಚೆಂದ, ಪಿಕಪ್ ಸತ್ತೋಯ್ತು. ಮತ್ತೆ 13ಕ್ಕೇ ಬಂದೆ.

ಈಗ ಗಮನ ಕೊಡಬೇಕಾದ್ದು ಎಥೆನಾಲ್ ಪೆಟ್ರೋಲ್ ಕಡೆ. ಹಳೇ ರಬ್ಬರ್ ಪೈಪು ಬೆವರುತ್ತೆ, ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಂ, ಅಂದರೆ ಒಳಗಿನ ರಬ್ಬರ್ ಪೊರೆ, ಬಿರುಸಾಗುತ್ತೆ. ಎಥೆನಾಲ್ ತಡೆಯೋ, ಆರ್9 ಅಂತ ಅಚ್ಚಿರೋ ಪೆಟ್ರೋಲ್ ಹೋಸನ್ನೇ ಕೇಳಿ ತಗೊಳ್ಳಿ. ರೇಟ್ ಮೂರು ಪಟ್ಟು, ಆದರೂ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಹನಿ ಬೀಳೋ ಜಾಗದಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ.